ನೆತ್ತಿಯ ಮೇಲಿನ ವಯಸ್ಸು

ಗೋದಾಮಿನ ಹಿಂದಿನ ಓಣಿಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಕೋಳಿಯಲ್ಲ, ಬಣ್ಣದಕ್ಕ. ಎದ್ದವಳೇ ಬಟ್ಟಲಲ್ಲಿ ಕಪ್ಪು ಬಣ್ಣ ಕಲಸಿ, ಬ್ರಷ್ಷು ಹಿಡಿದು ಜಗಲಿಯ ಮೇಲೆ ಕೂರುತ್ತಾಳೆ. ಗಂಡಸರು ಒಬ್ಬೊಬ್ಬರಾಗಿ ಬಂದು ತಲೆಗೆ ಬಳಿಸಿಕೊಂಡು ಹೋಗುತ್ತಾರೆ. "ನನ್ನ ಮುಂದೆ ತಲೆ ಬಗ್ಗಿಸದ ಗಂಡಸು ಈ ಓಣೀಲೇ ಇಲ್ಲ" ಎಂದು ಅವಳು ಜಂಬ ಕೊಚ್ಚಿಕೊಳ್ಳುವುದುಂಟು.

ಇದಕ್ಕೆಲ್ಲ ಕಾರಣ ಗೋದಾಮಿನ ಮೇಸ್ತ್ರಿ. ದಿನಾ ಗೇಟಿನಲ್ಲಿ ನಿಂತು ಮೂಟೆ ಹೊರುವವರನ್ನು ಆರಿಸುವ ಈ ಮಹಾಶಯ ನೋಡುವುದು ತೋಳನ್ನಲ್ಲ, ತಲೆಯನ್ನು. ನಾಲ್ಕು ಬಿಳಿ ಕೂದಲು ಕಂಡರೆ, "ಅಜ್ಜಾ, ಮನೇಲಿ ಮಲ್ಕೋ ಹೋಗು." ಮೂಟೆ ಹೊತ್ತ ತಲೆ ಮೂವತ್ತೈದಕ್ಕೇ ನರೆಯುತ್ತದೆಂದು ಅವನಿಗೇನು ಗೊತ್ತಿಲ್ಲವೇ? ಗುಡ್ಡದ ಮೇಲಿನ ಬೀದಿಯಲ್ಲಿ ಎಂಬತ್ತು ದಾಟಿದವರು ಬೆಳ್ಳನೆಯ ತಲೆ ಎತ್ತಿಕೊಂಡು ವಾಕಿಂಗ್ ಹೊರಟರೆ ಕಾವಲುಗಾರರು ಸಲಾಮು ಹೊಡೆಯುತ್ತಾರೆ. ಓಣಿಯಲ್ಲಾದರೋ ಐವತ್ತು ದಾಟಿದ ಗಂಡಸರೇ ಬೆರಳೆಣಿಕೆ. ಬಣ್ಣದಕ್ಕನ ಗಂಡ ನಲವತ್ತೊಂದಕ್ಕೆ ಮೂಟೆ ಹೊತ್ತಲ್ಲೇ ಕುಸಿದು ಸತ್ತ. ಈಗ ಅವಳಿಗೆ ತನ್ನವನು ಅಂತ ಇರುವುದು ತಮ್ಮನೊಬ್ಬನೇ.

ಹಿಂದಿನ ವಾರ ಆ ತಮ್ಮ, ಮೇಸ್ತ್ರಿ ಹೊರದಬ್ಬಿದ ಹತ್ತು ಜನರನ್ನು ಕಟ್ಟಿಕೊಂಡು ಗೇಟಿಗೆ ಅಡ್ಡ ಕೂತ. ಬಡವನ ಕೋಪ ದವಡೆಗೆ ಮೂಲ ಅಂತಾರೆ. ಇವನದು ನೆತ್ತಿಗೆ ಮೂಲವಾಯಿತು. ಕಾವಲುಗಾರರ ದೊಣ್ಣೆಗೆ ತಲೆ ಒಡೆದು ಆರು ಹೊಲಿಗೆ ಬಿತ್ತು. ಮುಖಕ್ಕೆ ಟವೆಲು ಸುತ್ತಿಕೊಂಡಿದ್ದರಿಂದ ನೂಕುನುಗ್ಗಲಿನಲ್ಲಿ ಯಾರೂ ಅವನ ಗುರುತು ಹಿಡಿದಿರಲಿಲ್ಲ. ಅದೊಂದೇ ಪುಣ್ಯ.

ಇವತ್ತು ಅವನು ಮತ್ತೆ ಕೆಲಸಕ್ಕೆ ಹೊರಟು ಅಕ್ಕನ ಮುಂದೆ ಬಂದು ಕೂತ. "ಬಳಿಯಕ್ಕ. ಮನೇಲಿ ಒಲೆ ಹಚ್ಚಿ ಎರಡು ದಿನ ಆಯ್ತು."

"ಹಸಿ ಗಾಯ ಕಣೋ. ಬಣ್ಣ ತಾಗಿದ್ರೆ ಕೀವಾಗತ್ತೆ."

"ಬಳೀದಿದ್ರೆ ಒಳಗೆ ಬಿಡಲ್ವಲ್ಲ!"

ಅತ್ತ ದರಿ, ಇತ್ತ ಪುಲಿ. ಬಣ್ಣದಕ್ಕ ಬಟ್ಟಲನ್ನು ಪಕ್ಕಕ್ಕಿಟ್ಟು ಗಂಡನ ಹಳೇ ರೇಜರ್ ತಂದಳು. ಕೂದಲೇ ಇಲ್ಲದಿದ್ದರೆ ಯಾವ ಮೇಸ್ತ್ರಿ ಅಜ್ಜ ಅನ್ನುತ್ತಾನೆ? ಹೊಲಿಗೆಗೆ ತಾಗದಂತೆ, ಉಸಿರು ಬಿಗಿಹಿಡಿದು, ಪೂರಾ ಬೋಳಿಸಿದಳು. ಹತ್ತು ವರ್ಷ ಇಳಿದಂತಿತ್ತು. ಇಬ್ಬರೂ ಕನ್ನಡಿ ನೋಡಿ ನಕ್ಕರು. ಅವಳಿಗಂತೂ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿ.

ಬೆಳಗ್ಗೆ ಎಂಟು ಗಂಟೆಗೇ ತಮ್ಮ ವಾಪಸ್ ಬಂದ. ಬಲಗೈ ಜೋತುಬಿದ್ದಿತ್ತು, ತುಟಿ ಹರಿದಿತ್ತು.

"ಮತ್ತೆ ಅಜ್ಜ ಅಂದ್ನಾ?"

"ಇಲ್ಲಕ್ಕ. ಇವತ್ತು ವಯಸ್ಸಿನ ಮಾತೇ ಬರ್ಲಿಲ್ಲ." ಅವನು ಜಗಲಿಯ ಮೇಲೆ ಕುಸಿದು ಕೂತ. "ಹೊಲಿಗೆ ನೋಡ್ದ. ಅವತ್ತು ಅಡ್ಡ ಕೂತೋನು ನೀನೇ ಏನೋ ಅಂತ ಕೇಳ್ದ, ಅಷ್ಟೇ."

ಗಾಯ ಮುಚ್ಚಿದ್ದ ಕೂದಲನ್ನು ಅವಳೇ ಕೈಯಾರೆ ತೆಗೆದಿದ್ದಳು.

"ಬೆಳೆಯೋಕೆ ಎಷ್ಟು ದಿನ ಬೇಕಕ್ಕ?" ಎಂದು ಅವನು ಕೇಳಿದ.

ಇಪ್ಪತ್ತು ವರ್ಷ ಓಣಿಯವರ ನರೆ ಮುಚ್ಚಿದ್ದ ಬಣ್ಣದಕ್ಕ ತಮ್ಮನ ಬೋಳು ತಲೆಯ ಮೇಲೆ ಕೈಯಿಟ್ಟಳು. ಬಿಳೀದೇ ಆಗಲಿ, ಬೇಗ ಬರಲಿ ಎಂದು ಬೇಡಿಕೊಂಡಳು.