ಹೂವಿಗೆ ಕಾಯದ ಗೌರತ್ತೆ

ನಮ್ಮ ಗೌರತ್ತೆ ಬಸ್ಸಿಗೆ ಕೈ ತೋರಿಸುವವಳಲ್ಲ, ರಸ್ತೆಗೇ ಇಳಿದು ನಿಂತುಬಿಡುತ್ತಿದ್ದಳು. ಡ್ರೈವರು ಬೈದರೆ, "ನಿಲ್ಸಾಯ್ತಲ್ಲಪ್ಪ, ಇನ್ಯಾಕೆ ಬೈತೀಯಾ?" ಎಂದು ಹತ್ತಿ ಕೂರುವಳು. ನನ್ನ ಅಪ್ಪನ ಅಕ್ಕ. ಚನ್ನರಾಯಪಟ್ಟಣದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ವ್ಯಾಪಾರ. ಅವಳ ಬಾಯಿಗೆ ಹೆದರದವರಿರಲಿಲ್ಲ. ನನಗಂತೂ ಎಲ್ಲರಿಗಿಂತ ಹೆಚ್ಚು ಹೆದರಿಕೆ.

ಎದೆಯಲ್ಲಿ ಗಂಟು ಕಾಣಿಸಿಕೊಂಡು ಹಾಸನದಲ್ಲಿ ಆಪರೇಷನ್ ಆಯಿತು. ಗಂಟನ್ನು ಪರೀಕ್ಷೆಗೆ ಕಳಿಸಿದ್ದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಜೀವಕೋಶದ ಮೈಮೇಲೆ ಗ್ರಾಹಕಗಳಿರುತ್ತವೆ, ಬೆಳೆಯಬೇಕೆಂಬ ಸೂಚನೆಯನ್ನು ಒಳಕ್ಕೆ ಮುಟ್ಟಿಸುವುದು ಅವುಗಳ ಕೆಲಸ. ಇವರ ಕ್ಯಾನ್ಸರ್ ಗಂಟಿನಲ್ಲಿ ಅಂಥದೊಂದು ಗ್ರಾಹಕ ವಿಪರೀತ ಹೆಚ್ಚಿದೆ, ಯಾರೂ ಹೇಳದಿದ್ದರೂ ಬೆಳೆ ಬೆಳೆ ಎನ್ನುತ್ತಲೇ ಇರುತ್ತದೆ. ಅದಕ್ಕೇ ಹೋಗಿ ಅಂಟಿಕೊಂಡು ತಡೆಯುವ ಸೂಜಿಯಿದೆ, ಆದರೆ ವರ್ಷವಿಡೀ ತಪ್ಪಿಸಬಾರದು.

"ಅಂದ್ರೆ ಬಾಗ್ಲಲ್ಲಿ ಚಾಡಿ ಚುಚ್ಚೋರು ಜಾಸ್ತಿ ಆಗವ್ರೆ ಅನ್ನಿ ಸಾ. ಅವರ ಬಾಯ್ ಮುಚ್ಸಿ, ನಾನು ತಪ್ದಂಗೆ ಬತ್ತೀನಿ" ಎಂದಳು ಅತ್ತೆ.

ತಪ್ಪಿಸಲು ಹೊರಟವರು ನಮ್ಮವರೇ. ಗಂಟು ಹೋದ ಮೇಲೆ ಸೂಜಿ ಏಕೆ, ಅಮ್ಮನ ಗುಡಿಯಲ್ಲಿ ಹೂ ಕೇಳೋಣ ಎಂದರು. ದೇವಿಯ ಮುಡಿಯ ಹೂ ಬಲಕ್ಕೆ ಬಿದ್ದರೆ ಸೂಜಿ ಮುಂದುವರಿಸುವುದು, ಎಡಕ್ಕೆ ಬಿದ್ದರೆ ಬಿಡುವುದು. ಸೂಜಿಯ ದಿನ ಬೆಳಿಗ್ಗೆಯೇ ಎಲ್ಲರೂ ದಂಡಿಗನಹಳ್ಳಿಯ ಗುಡಿಯಲ್ಲಿ ಕೂತೆವು. ಪೂಜಾರಪ್ಪ ಬೇಡಿದ್ದೇ ಬೇಡಿದ್ದು, ಹೂ ಮಿಸುಕಲಿಲ್ಲ.

"ಕುತ್ಕಳಕ್ಕ, ಅಪ್ಪಣೆ ಆಗೋಗಂಟ ಏಳ್ಬಾರ್ದು" ಎಂದರು ಚಿಕ್ಕಪ್ಪ.

ಅತ್ತೆ ಎದ್ದು ಸೆರಗು ಹೊದ್ದು ಕೈ ಮುಗಿದಳು. "ಅವ್ಳು ಯೋಚ್ನೆ ಮಾಡ್ತವ್ಳೆ. ಮಾಡ್ಲಿ ಬುಡು. ಅಷ್ಟ್ರೊಳ್ಗೆ ಸೂಜಿ ಆಕುಸ್ಕಂಡ್ ಬತ್ತೀನಿ. ನಡೀಲಾ, ಬಸ್ ಒಂಟೋಯ್ತದೆ!"

ದೇವಿಗಿಂತ ಅತ್ತೆಗೇ ಹೆದರಿ ನಾನೂ ಎದ್ದೆ. ಆಮೇಲೆ ಹೂ ಯಾವ ಕಡೆ ಬಿತ್ತೆಂದು ಅವಳು ಕೇಳಲಿಲ್ಲ. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ವರ್ಷ ಪೂರೈಸಿದಳು, ಮಾರ್ಕೆಟ್ಟಿಗೂ ಮರಳಿದಳು. ಕೆಲವು ವರ್ಷದ ಮೇಲೆ ಕಾಯಿಲೆ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಮರುಕಳಿಸಿತು. ಮತ್ತೆ ಚೂರು ತೆಗೆದು ನೋಡಿದ ಡಾಕ್ಟರು, ಈ ಸಲ ಆ ಗ್ರಾಹಕವೇ ಹೆಚ್ಚಿಲ್ಲ, ಹಳೆಯ ಸೂಜಿಯಿಂದ ಪ್ರಯೋಜನವಿಲ್ಲ ಎಂದರು. ಅತ್ತೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಸರಿ ಸಾ. ಬ್ಯಾರೆ ಏನೈತೆ?"

ಬೇರೆ ಔಷಧಿಯಿತ್ತು. ಒಂದು ಸಲ ಹೋಗಿ ಬಂದೆವು, ಎರಡನೆಯ ಸಲಕ್ಕೆ ಅವಳು ಉಳಿಯಲಿಲ್ಲ. ಮುಂದಿನ ಸಲ ಹಾಸನಕ್ಕೆ ಉಟ್ಟುಕೊಂಡು ಹೋಗಲೆಂದು ಅವಳೇ ಮಡಿಸಿ ತೆಗೆದಿಟ್ಟಿದ್ದ ಸೀರೆಯನ್ನು ಉಡಿಸಿ, ಅವಳನ್ನು ಕಳಿಸಿಕೊಟ್ಟೆವು.