ತೊಡೆ ಮುಚ್ಚಿದವಳು

ಅರಕಲಗೂಡು ಕಡೆಯ ನಾಗಲಕ್ಷ್ಮಿಯನ್ನು ಹಳೇಕೋಟೆ ಪಕ್ಕದ ಊರಿಗೆ ಕೊಟ್ಟು ಆರು ವರ್ಷವಾಯಿತು. ನಾಟಿ ಹಾಕುವುದರಲ್ಲಾಗಲಿ, ಶುಂಠಿ ಕೀಳುವುದರಲ್ಲಾಗಲಿ ಅವಳ ಸರಿಸಮಕ್ಕೆ ನಿಲ್ಲುವ ಹೆಂಗಸು ಆ ಬೀದಿಯಲ್ಲಿಲ್ಲ. ಆದರೆ ಜನ ಅವಳನ್ನು ಗುರುತಿಸುವುದು ಅದರಿಂದಲ್ಲ. ಮೊದಲ ಹೆರಿಗೆಯಲ್ಲಿ ತೊಡೆ ಮುಚ್ಚಿ ಮಗುವನ್ನು ಕೊಂದವಳು ಎಂದು. ಹಾಗೆಂದು ಮೊದಲು ಹೇಳಿದವಳು ಆಸ್ಪತ್ರೆಯ ಆಯಾ. ಆಮೇಲೆ ಅದನ್ನೇ ಮಂತ್ರ ಮಾಡಿಕೊಂಡವನು ಗಂಡ ಶಾಂತರಾಜು. ಮೂರು ವರ್ಷ ಕೇಳಿ ಕೇಳಿ ಕೊನೆಗೆ ಅವಳೇ ನಂಬಿಬಿಟ್ಟಳು. ನನ್ನ ಹೊಟ್ಟೆ ಉರಿಸುವುದು ಅದೇ.

ಈಗ ಅವಳಿಗೆ ಮತ್ತೆ ಏಳು ತಿಂಗಳು. ಮಲಗುವಾಗ ಮಂಡಿಗಳ ನಡುವೆ ಹಳೇ ಸೀರೆ ಸುತ್ತಿ ಇಟ್ಟುಕೊಳ್ಳುತ್ತಾಳೆ, ಕಾಲು ಅಗಲಿಸಿಕೊಂಡೇ ಇರುವ ಅಭ್ಯಾಸವಾಗಲಿ ಎಂದು. ತನ್ನ ಕಾಲುಗಳನ್ನು ಕಂಡರೆ ತನಗೇ ಹೆದರಿಕೆ. ಅವು ಮತ್ತೆ ಮುಚ್ಚಿಕೊಂಡರೆ ಈ ಮಗುವೂ ಹೋದಂತೆ ಎಂದು ಅವಳ ಲೆಕ್ಕ.

ಅಂದು ನಡೆದದ್ದನ್ನು ಹೇಳಿಬಿಡುತ್ತೇನೆ. ಆಸ್ಪತ್ರೆಯ ಹೆಸರು ಬೇಡ, ಯಾವ ಕಟ್ಟಡದಲ್ಲಿ ಬಿದ್ದರೂ ಏಟು ಏಟೇ. ಯಾವ ಊರು, ಊರಲ್ಲಿ ಯಾವ ಬೀದಿ ಎಂದು ಆಯಾ ಕೇಳಿದಳು. ಬೀದಿ ತಿಳಿದ ಮೇಲೆ ಕಕ್ಕಸಿನ ಪಕ್ಕದ ಮಂಚ ತೋರಿಸಿದಳು. ಒಂದು ಹಗಲು ಪೂರ್ತಿ ಯಾರೂ ಮುಟ್ಟಿ ನೋಡಲಿಲ್ಲ. ನೋವು ತಡೆಯದೆ ಕೂಗಿಕೊಂಡರೆ ಆಯಾ ಅವಳ ಸೆರಗನ್ನೇ ಬಾಯಿಗೆ ತುರುಕಿ, "ಗಂಡನ್ ಪಕ್ಕ ಮಲಗ್ದಾಗ್ಲೂ ಹಿಂಗೇ ಕೂಗ್ಕಂಡಿದ್ದಾ?" ಎಂದಳು. ಮೇಜು ಹತ್ತಿಸಿದ ಮೇಲೆ ತೊಡೆಗೆ ಹೊಡೆತ ಶುರುವಾಯಿತು, ಮೊದಲು ಬರಿಗೈಯಲ್ಲಿ, ಆಮೇಲೆ ಕತ್ತರಿಯ ಹಿಡಿಯಲ್ಲಿ. ಏಟು ಬಿದ್ದರೆ ಯಾರ ಮೈಯಾದರೂ ಮುದುಡುತ್ತದೆ. ಅವಳ ಕಾಲೂ ಮುದುಡಿದವು. ಮುದುಡಿದ್ದಕ್ಕೆ ಇನ್ನಷ್ಟು ಬಿತ್ತು. ಇನ್ನೊಬ್ಬಳು ಮೇಲೆ ಹತ್ತಿ ಮೊಣಕೈಯಿಂದ ಹೊಟ್ಟೆ ಅದುಮಿದಳು, ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಮಗು ಬಂತು. ನೀಲಿಗಟ್ಟಿತ್ತು, ಅಳಲಿಲ್ಲ.

"ತೊಡೆ ಮುಚ್ಚಿ ಕೊಂದ್ಯಲ್ಲೇ," ಎಂದಳು ಆಯಾ. ಬಾಗಿಲಾಚೆ ನಿಂತಿದ್ದ ಶಾಂತರಾಜುವಿಗೂ ಅವನ ತಾಯಿ ಮಾಯಮ್ಮನಿಗೂ ಅದನ್ನೇ ಹೇಳಿ ಕೈತೊಳೆದುಕೊಂಡರು.

ಎದೆಹಾಲು ಕಟ್ಟಿ ಜ್ವರ ಸುಡುತ್ತಿದ್ದಾಗಲೇ ಶಾಂತರಾಜು ಮೊದಲ ಸಲ ಹೊಡೆದ. ಕುಡಿದಿರಲಿಲ್ಲ. ಅವನು ಕುಡಿಯುವವನೇ ಅಲ್ಲ, ಗಾರೆ ಕೆಲಸದವನು, ಬೆಳಿಗ್ಗೆ ಎದ್ದು ಬುದ್ಧನ ಪಟಕ್ಕೆ ಹೂ ಇಟ್ಟು ಹೋಗುವವನು. ಅಂದು ಜಡೆ ಹಿಡಿದು ಗೋಡೆಗೆ ಬಡಿದ. ಅಲ್ಲಿಂದ ಅದು ರೂಢಿಯಾಯಿತು. ಮಾಯಮ್ಮ ಯಾವತ್ತೂ ಸೊಸೆಯನ್ನು ಹೊಡೆಯಲಿಲ್ಲ. ಬಿಡಿಸಲೂ ಇಲ್ಲ. ಒಲೆಯ ಮುಂದೆ ಕುಳಿತು ಮುದ್ದೆ ತಿರುವುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಚನ್ನರಾಯಪಟ್ಟಣ ಕಡೆಯ ಯಶಸ್ವಿನಿ ಎಂಬ ಹುಡುಗಿ ಬಂದು ಅಂಬೇಡ್ಕರ್ ಭವನದ ಜಗಲಿಯಲ್ಲಿ ಹೆಂಗಸರನ್ನು ಕೂಡಿಸಿದಳು. ಬಸುರಿ ಬಾಣಂತಿಯರನ್ನು ಆಸ್ಪತ್ರೆಯಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆಂದು ದಲಿತರ ಬೀದಿಗಳಲ್ಲಿ ಕೇಳಿ ತಿಳಿಯುವುದು ಅವಳ ಸಂಶೋಧನೆ. ಫೋನನ್ನು ರೆಕಾರ್ಡಿಗೆ ಹಾಕಿ ನಡುವೆ ಇಟ್ಟು, ಯಾರ ಹೆಸರೂ ಎಲ್ಲೂ ಬರುವುದಿಲ್ಲ ಎಂದು ಹೇಳಿ, "ಆಸ್ಪತ್ರೆಯಲ್ಲಿ ನಿಮಗೇನಾದ್ರೂ ಹಿಂಸೆ ಆಯ್ತಾ?" ಎಂದಳು. ಇಲ್ಲ ಎಂದರು ಎಲ್ಲರೂ. ಚೆಂದಾಗಿ ನೋಡ್ಕಂಡ್ರು ಎಂದರು. ನಾಲ್ಕೇಟು ಬೀಳುವುದು ಹೆರಿಗೆಯ ಒಂದು ಭಾಗ ಎಂದು ನಂಬಿಕೊಂಡವರು ಅದನ್ನು ಹಿಂಸೆ ಎಂದು ಕರೆದಾರೆಯೇ?

ನಾಗಲಕ್ಷ್ಮಿ ಮಾತ್ರ ಮುಂದೆ ಜರುಗಿ ಕುಳಿತಳು. "ಮೇಡಂ, ನಿಮ್ಗೆ ಆಸ್ಪತ್ರೆಯೋರು ಗೊತ್ತಿರ್ತಾರೆ. ನಂದೊಂದ್ ಮಾತು ಏಳ್ತೀರಾ? ಈ ಸಲ ಮೇಜ್ ಅತ್ಸಿದ್ ತಕ್ಷಣ ನನ್ ಕಾಲ್ನ ಎರಡ್ ಕಡೀಕೂ ಹಗ್ಗ ಆಕಿ ಬಿಗಿಯಾಗ್ ಕಟ್ಬುಡಕ್ಕೇಳಿ. ನನ್ ಕೈಲಿ ಆಗಕಿಲ್ಲ, ಮುಚ್ಬುಡ್ತೀನಿ."

ಯಶಸ್ವಿನಿ ಅವಳ ಕಡೆ ತಿರುಗಿದಳು. "ಯಾಕಕ್ಕ ಕಟ್ಟಬೇಕು?" ಎಂದಳು.

"ಮೊದಲ್ನೇದ್ನ ಅಂಗೇ ಕೊಂದೆ ನಾನು. ತೊಡೆ ಮುಚ್ಚಿ."

ಮಕ್ಕಳನ್ನು ಹೆತ್ತು ಮದುವೆ ಮಾಡಿ ಮುಗಿಸಿದ್ದ ದೇವೀರಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು. "ಆಯಾ ಅಂದ್ಲಾ ಅಂಗೆ? ನಂಗೂ ಅದ್ನೇ ಅಂದ್ರು ಕಣೆ. ತೊಡೆ ಮುಚ್ಚಿ ಮಗೀನ ಸಾಯಿಸ್ತೀಯ ಅಂತ ಕೆನ್ನೆಗೂ ಬುಟ್ರು. ಆ ಮಗೀಗೇ ಈಗ ಇಬ್ರು ಮಕ್ಳು."

"ನಂಗೂ ಅಂದ್ರು," ಎಂದಳು ಇನ್ನೊಬ್ಬಳು. ಅವಳ ಪಕ್ಕದವಳು ಲಂಗ ಸರಿಸಿ ತೊಡೆಯ ಕಲೆಯನ್ನೇ ತೋರಿಸಿದಳು. ನೋಡನೋಡುತ್ತ ಜಗಲಿಯ ತುಂಬ ಅದೇ ಆಯಿತು. ಎಲ್ಲರಿಗೂ ಅದೇ ಏಟು, ಅದೇ ಮಾತು. ಮಕ್ಕಳು ಮಾತ್ರ ಬದುಕಿದ್ದವು. ಪ್ರತಿಯೊಬ್ಬಳೂ ಅದು ತನ್ನೊಬ್ಬಳದೇ ತಪ್ಪು ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು.

"ತೊಡೆ ಮುಚ್ಚುದ್ರೆ ಸಾಯಂಗಿದ್ರೆ ನಮ್ ಬೀದೀಲಿ ಒಂದ್ ಮಗಾನೂ ಇರ್ತಿರ್ನಿಲ್ಲ," ಎಂದಳು ದೇವೀರಮ್ಮ.

ನಾಗಲಕ್ಷ್ಮಿ ತಿರುಗಿ ನೋಡಿದಳು. ಕಂಬಕ್ಕೊರಗಿ ಕುಳಿತಿದ್ದ ಮಾಯಮ್ಮ ತಲೆ ತಗ್ಗಿಸಿದ್ದಳು.

"ನಿಮ್ಗೂ ಅಂಗೇ ಅಂದಿದ್ರಾ ಅತ್ತೆ?"

"ಊಂ."

"ಗೊತ್ತಿದ್ದೂ ಸುಮ್ಕಿದ್ಯಾ? ಅವ್ನು ನನ್ನ ದನ ಬಡ್ದಂಗೆ ಬಡೀತಿದ್ರೂ ಸುಮ್ಕಿದ್ಯಾ?"

ನಾಗಲಕ್ಷ್ಮಿ ಎದ್ದು ಹೋಗಿ ಅತ್ತೆಯ ಕೆನ್ನೆಗೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ತುಟಿ ಒಡೆದು ರಕ್ತ ಬಂತು. ಹಿರಿಯರ ಮೇಲೆ ಕೈಮಾಡುವುದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಏಟು ತಿನ್ನಬೇಕಾದ ಬೇರೆ ಕೆನ್ನೆಗಳು ದೂರದಲ್ಲಿದ್ದವು, ಕೈಗೆ ಸಿಕ್ಕಿದ್ದು ಇದೊಂದೇ. ಹೆಂಗಸರು ಹಿಡಿದುಕೊಂಡರು. ಯಶಸ್ವಿನಿ ರೆಕಾರ್ಡ್ ನಿಲ್ಲಿಸಲು ಫೋನಿಗೆ ಕೈ ಹಾಕಿದಾಗ ಮಾಯಮ್ಮ ತುಟಿ ಒರೆಸಿಕೊಂಡು, "ಇರ್ಲಿ ಬುಡವ್ವ, ಇದ್ನೂ ಬರ್ಕೊ," ಎಂದಳು.

ಸುದ್ದಿಗೆ ಕಾಲಿರುತ್ತದೆಯೇ, ರೆಕ್ಕೆಯೇ ಇರುತ್ತದೆ. ಶಾಂತರಾಜು ಸಂಜೆ ಕೆಲಸದಿಂದ ಬರುವಾಗಲೇ ಸಲಿಕೆಯ ಮರದ ಕಾವು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ನಾಗಲಕ್ಷ್ಮಿ ಒಳಮನೆಯ ಮೂಲೆಯಲ್ಲಿ ಎರಡೂ ಕೈಯಿಂದ ಹೊಟ್ಟೆ ಬಳಸಿಕೊಂಡು ಕುಳಿತಿದ್ದಳು. ಬೆನ್ನು ಮುರಿದರೆ ಮುರಿಯಲಿ, ಹೊಟ್ಟೆಗೆ ಬೀಳದಿರಲಿ ಎಂದು ಗೋಡೆಗೆ ಮುಖ ಮಾಡಿದ್ದಳು. ಬಾಗಿಲಿಗೆ ಅಡ್ಡ ಮಾಯಮ್ಮ ನಿಂತಿದ್ದಳು.

"ದಾರಿ ಬುಡವ್ವ. ನಿನ್ ಮ್ಯಾಲೇ ಕೈ ಎತ್ತವ್ಳೆ. ಮಗೀನ ತಿಂದೋಳು ಇನ್ಯಾರ್ನ ಬುಟ್ಟಾಳು?"

"ಬುಡಕಿಲ್ಲ ಓಗ್ಲಾ."

ಅವನು ತಳ್ಳಿದ. ಮಾಯಮ್ಮನ ಹಣೆ ಬಾಗಿಲ ಚೌಕಟ್ಟಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಬಿದ್ದಲ್ಲಿಂದಲೇ ಅವಳು ಮಗನ ಕಾಲನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಅವನು ಕೊಡವಿದ, ಒದ್ದ. ಅವಳು ಬಿಡಲಿಲ್ಲ.

"ನಿನ್ನ ಎರುವಾಗ ನಾನೂ ತೊಡೆ ಮುಚ್ಚಿದ್ದೆ ಕಣ್ಲಾ," ಎಂದಳು. "ನನ್ನೂ ಇಂಗೇ ಒಡುದ್ರು. ಕೊಂದೆ ಕಣೆ ನಿನ್ ಮಗೀನ ಅಂತ ನಂಗೂ ಅಂದ್ರು. ನೀನ್ಯಾಕ್ಲಾ ಸಾಯ್ನಿಲ್ಲ?"

ಕಾವು ಹಿಡಿದ ಕೈ ಮೇಲೆಯೇ ನಿಂತಿತು. ನಾಗಲಕ್ಷ್ಮಿ ಮೂಲೆಯಿಂದ ಎದ್ದು ಬಂದಳು. ಆ ಕೈಯಿಂದ ಕಾವನ್ನು ಕಿತ್ತುಕೊಂಡು ಅವನ ಮುಖ ನೋಡಿದಳು.

"ಅತ್ತೆ ಕೇಳ್ತಾವ್ರಲ್ಲ, ಉತ್ರ ಏಳು."