ನನ್ನ ಸೊಂಟ ಹಿಡಿದದ್ದು ಸೈಕಲ್ಲಿನಿಂದ

ನನ್ನ ಸೊಂಟ ಹಿಡಿದದ್ದು ಸೈಕಲ್ ತುಳಿದು. ನಮ್ಮತ್ತೆಯನ್ನು ಎತ್ತಿ ಇಳಿಸಿ ಅಲ್ಲ. ಎರಡು ವರ್ಷದಿಂದ ಪಾಂಡವಪುರದ ನಮ್ಮ ಬೀದಿಗೆ, ನೆಂಟರಿಗೆ, ಅಂಗಡಿಗೆ ಬಂದವರಿಗೆಲ್ಲ ನಾನು ಹೇಳಿಕೊಂಡು ಬಂದದ್ದು ಸುಳ್ಳು. ಬಾಯಿತಪ್ಪಿ ಬಂದದ್ದೂ ಅಲ್ಲ, ಯೋಚನೆ ಮಾಡಿಯೇ ಹೇಳಿದ್ದು.

"ನೋಡಿದ್ರಾ, ಹೆಂಗಸ್ರಿಗೆ ಈ ವಯಸ್ಸಲ್ಲಿ ಸೈಕಲ್ಲು ಬೇಕಿತ್ತಾ" ಅನ್ನುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಸೈಕಲ್ ತುಳಿದದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಸುಳ್ಳಿಗೆ ತಗ್ಗಿಸುತ್ತೇನೆ—ತಗ್ಗಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ, ಅಷ್ಟೇ.

ನಾನು ಟೈಲರು. ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಹುಟ್ಟಿದ್ದು ಕೆ.ಆರ್. ಪೇಟೆ ಕಡೆಯ ಶೀಳನೆರೆಯಲ್ಲಿ. ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವಳು. ಮೊಣಕಾಲಿನ ಚರ್ಮ ಎಷ್ಟು ಸಲ ಕಿತ್ತುಹೋಗಿತ್ತೋ! ಮದುವೆಯಾದ ಮೇಲೆ ಸೈಕಲ್ಲು ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ, ನಿಂತುಹೋಯಿತು... ಮಕ್ಕಳು ದೊಡ್ಡವರಾದ ಮೇಲೆ, ನಲವತ್ತು ದಾಟಿದ ಮೇಲೆ, ನನ್ನದೇ ದುಡಿಮೆಯಲ್ಲಿ ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ಲೊಂದನ್ನು ತಂದೆ. ಅವತ್ತಿನಿಂದ ಬೆಳಗಾದರೆ ಸಾಕು, ನಾಲೆ ಏರಿ ಮೇಲೆ ಹೊರಟುಬಿಡುತ್ತಿದ್ದೆ. ಶ್ರೀರಂಗಪಟ್ಟಣದ ಹೊಳೆ ಕಾಣುವವರೆಗೂ ಹೋಗಿ, ಬಿಸಿಲೇರುವ ಮುಂಚೆ ವಾಪಸ್ಸು. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು "ಏನ್ ಟೈಲ್ರಮ್ಮ, ಎಲ್ಗೆ ಡ್ಯೂಟಿ?" ಅಂತ ನಗುತ್ತಿದ್ದರು. ನಕ್ಕರೆ ನಗಲಿ ಅಂತ ಬೆಲ್ಲು ಬಾರಿಸಿಕೊಂಡು ಹೋಗುತ್ತಿದ್ದೆ.

ನಮ್ಮ ಯಜಮಾನರು ನಗಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಹೇಳಿದ್ದರು. "ಸೊಂಟಗಿಂಟ ಮುರ್ಕಂಡು ಬಂದ್ಯೋ, ಅವತ್ತೇ ಗುಜರಿಗೆ ಹಾಕ್ಬುಡ್ತೀನಿ, ನೋಡ್ತಿರು." ಅವರು ಆಡಿದ್ದನ್ನು ಮಾಡುವ ಮನುಷ್ಯ. ನನ್ನ ಸುಳ್ಳು ಹುಟ್ಟಿದ್ದು ಆ ಮಾತಿನ ಭಯದಲ್ಲಿ. ಇದನ್ನು ನೆಪ ಅಂತ ಹೇಳುತ್ತಿಲ್ಲ—ನಡೆದದ್ದು ಹೇಳುತ್ತಿದ್ದೇನೆ.

ಇನ್ನು ನಮ್ಮತ್ತೆ. ಅವರು ಕಾಲು ಮುಂದಾಗಿ ಹುಟ್ಟಿದವರು. ನಮ್ಮ ಕಡೆ ಅಂಥವರ ಎಡಗಾಲು ಸೋಕಿದರೆ ಉಳುಕು ಹೋಗುತ್ತದೆ ಅನ್ನುವ ನಂಬಿಕೆ. ಕಿಕ್ಕೇರಿಯಿಂದ, ಮೇಲುಕೋಟೆಯಿಂದ ಬಸ್ಸು ಹತ್ತಿ ಸೊಂಟ ಹಿಡಿದುಕೊಂಡು ಬರುವವರಿದ್ದರು. ಜಗಲಿಯ ಮೇಲೆ ಬೆನ್ನು ಹಾಕಿಸಿ ಕೂರಿಸಿ ಅತ್ತೆ ಮೊದಲು ಕೇಳುತ್ತಿದ್ದುದು, "ಎಂಗ್ ಬಂತು? ನಿಜ ಯೋಳು." ಉಳುಕು ಹೇಗೆ ಬಂತು ಅಂತ ಬಾಯಿಬಿಟ್ಟು ನಿಜ ಹೇಳದಿದ್ದರೆ ಅವರು ಕಾಲು ಎತ್ತುತ್ತಿರಲಿಲ್ಲ. ಸುಳ್ಳು ಹೇಳಿದ ಬೆನ್ನಿಗೆ ಕಾಲು ಹತ್ತುವುದಿಲ್ಲ ಅನ್ನುತ್ತಿದ್ದರು. ಒಬ್ಬ ದೊಡ್ಡ ಮನುಷ್ಯ ಬಂದು "ಮೂಟೆ ಎತ್ತಿ" ಅಂದ. ಅತ್ತೆ ಕಾಲು ಮಡಿಸಿಕೊಂಡು ಎಲೆಅಡಿಕೆ ಹಾಕತೊಡಗಿದರು. ಕೊನೆಗೆ ಆಸಾಮಿ, ದಾಯಾದಿಯ ತೋಟದಲ್ಲಿ ಎಳನೀರು ಕೀಳಲು ಹೋಗಿ ಮರದಿಂದ ಜಾರಿದ್ದು ಅಂತ ಒಪ್ಪಿಕೊಂಡ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅಂಥ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಆಪರೇಷನ್ ಆಯಿತು, ನಡಿಗೆ ಮಾತ್ರ ಬರಲಿಲ್ಲ. ದಿನಾ ಬೆಳಿಗ್ಗೆ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ, ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲಿಗೆ ಕೂರಿಸುವುದು ನನ್ನ ಕೆಲಸ. ನಿಜ ಹೇಳಲಾ? ಅದು ನನಗೆ ಒಂದು ದಿನವೂ ಭಾರ ಅನ್ನಿಸಲಿಲ್ಲ. ಸೈಕಲ್ ತುಳಿದು ತೊಡೆ ಗಟ್ಟಿಯಾಗಿತ್ತು. ಅತ್ತೆಯೋ ಹಿಡಿ ಮೂಳೆ. ಕುರ್ಚಿಯಲ್ಲಿ ಕೂತರೆ ಮತ್ತೆ ಅವರದೇ ದರ್ಬಾರು—ಹಾದು ಹೋಗುವವರನ್ನು ಕರೆದು ಮಾತಾಡಿಸುವುದು, ಉಳುಕಿನವರು ಬಂದರೆ ಕೂತಲ್ಲಿಂದಲೇ ಎಡಗಾಲು ಚಾಚುವುದು. ಬಿಸಿಲು ಅವರಿಗೆ ಊಟಕ್ಕಿಂತ ಹೆಚ್ಚಾಗಿತ್ತು.

ಆ ಭಾನುವಾರ ನಾನು ಮೇಲುಕೋಟೆ ಬೆಟ್ಟ ಹತ್ತಿದೆ. ಮನೆಯಲ್ಲಿ ಜಕ್ಕನಹಳ್ಳಿಯವರೆಗೆ ಮಾತ್ರ ಅಂದಿದ್ದೆ. ಏರಿನಲ್ಲಿ ಮೈಸೂರಿನ ಇಬ್ಬರು ಸೈಕಲ್ಲಿನವರು ನನ್ನನ್ನು ದಾಟಿದರು. ಒಬ್ಬ ತಿರುಗಿ, "ಆಂಟಿ, ಗೇರು ಇಳಿಸ್ಕೊಳ್ಳಿ, ಸೊಂಟ ಹೋಗುತ್ತೆ" ಅಂದ. ಒಳ್ಳೆಯದಕ್ಕೇ ಅಂದದ್ದು. ನನಗೆ ಆಂಟಿ ಅನ್ನುವ ಮಾತು ಚುಚ್ಚಿತು. ಇಳಿಸುವುದಿರಲಿ, ಇನ್ನೊಂದು ಗೇರು ಏರಿಸಿದೆ! ಸೀಟು ಬೇರೆ ಎತ್ತರ, ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ಎಳೆಯುತ್ತಿತ್ತು. ಹತ್ತಿದೆ. ನಿಲ್ಲದೆ ಹತ್ತಿದೆ. ಮೇಲೆ ಪುಳಿಯೋಗರೆ ತಿನ್ನುವಾಗ ಜಗತ್ತೇ ನನ್ನದು ಅನ್ನಿಸಿತ್ತು. ಇವತ್ತಿಗೂ ಆ ಹತ್ತಿದ ಖುಷಿಯನ್ನು ನಾನು ಬಿಟ್ಟುಕೊಡುವುದಿಲ್ಲ.

ಸಂಜೆ ಕೆಳಗೆ ಬಿದ್ದ ಕತ್ತರಿ ತೆಗೆಯಲು ಬಗ್ಗಿದೆ. ಸೊಂಟದೊಳಗೆ ಏನೋ ಕಳಕ್ ಅಂತು. ಮೇಲೇಳಲು ಆಗಲಿಲ್ಲ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಂತ ಹಾಗೆ ನಿಂತು ಅತ್ತುಬಿಟ್ಟೆ. ಅಳುವಾಗಲೂ ತಲೆಯಲ್ಲಿ ಓಡುತ್ತಿದ್ದುದು ಒಂದೇ, ಗುಜರಿ.

ಯಜಮಾನರು ಹಿಡಿದೆಬ್ಬಿಸಿದರು. ಒಳಗಿನಿಂದ ಅತ್ತೆ ಕೂಗಿದರು. "ಇತ್ತಾಗ್ ಕರ್ಕಬಾ ಅವಳ್ನ. ನಾನಿಲ್ವಾ!" ಅವರ ಮಂಚದ ಪಕ್ಕ ಬೆನ್ನು ಹಾಕಿ ಕೂತೆ. ನರಳುತ್ತಲೇ ಅವರು ಎಡಗಾಲನ್ನು ನನ್ನ ಕಡೆ ಎಳೆದುಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ಮುರಿದ ಕೀಲಿನ ಹೆಂಗಸು, ನನಗೋಸ್ಕರ...

"ಎಂಗ್ ಬಂತು ಕಣಮ್ಮಿ? ನಿಜ ಯೋಳು."

ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಅಂಗಳದಲ್ಲಿ ಸೈಕಲ್ಲು ಒರಗಿತ್ತು. ನಾನು ಹೇಳಿದೆ—

"ಬೆಳಿಗ್ಗೆ ನಿಮ್ಮನ್ನ ಎತ್ತುವಾಗ ಅತ್ತೆ."

ಊರಿನವರ ಸುಳ್ಳನ್ನೆಲ್ಲ ಹಿಡಿಯುತ್ತಿದ್ದವರು ನನ್ನದನ್ನು ಒಂದೇ ಸಲಕ್ಕೆ ನಂಬಿದರು. ಹಾಸಿಗೆಯ ಮೇಲೆ ಕಾಲು ಸರಿದ ಸದ್ದಾಯಿತು. ತಿರುಗಿ ನೋಡಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಳ್ಳುತ್ತಿದ್ದರು. "ನಾನ್ ತಂದಿದ್ನ ನಾನೇ ತಗ್ಯಾಕಾಯ್ತದಾ? ಆಗಾಕಿಲ್ಲ ಕಣಮ್ಮಿ" ಅಂದು ಗೋಡೆ ಕಡೆ ಮುಖ ಮಾಡಿದರು.

ಆಗಲೇ ಹೇಳಬೇಕಿತ್ತು. ಮರುದಿನವಾದರೂ... ಮರುದಿನ ಅಕ್ಕಪಕ್ಕದವರು ಬಂದರು. "ಸೊಸೆ ಅಂದ್ರೆ ಇವ್ಳು ಕಣ್ರವ್ವಾ, ಅತ್ತೆ ಸೇವೆ ಮಾಡಿ ಸೊಂಟ ಕಳ್ಕಂಡ್ಳು" ಅಂದರು. ನೆನಪಿಸಿಕೊಂಡರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ, ಆದರೆ ಅವತ್ತು ನನಗೆ ಹಿತವಾಗಿತ್ತು. ಮೊದಲು ಹೇಳಿದ್ದು ಸೈಕಲ್ ಉಳಿಸಿಕೊಳ್ಳಲು. ಆಮೇಲೆ ಹೇಳುತ್ತಾ ಹೋದದ್ದು ಆ ಹೊಗಳಿಕೆಗೆ. ಯಾರಾದರೂ ಕೇಳಿದರೆ ಸೊಂಟದ ಮೇಲೆ ಕೈಯಿಟ್ಟು ನಿಟ್ಟುಸಿರು ಬೇರೆ ಬಿಡುತ್ತಿದ್ದೆ!

ಅತ್ತೆ ಮತ್ತೆ ಎತ್ತಿಸಿಕೊಳ್ಳಲಿಲ್ಲ. ಮಗ ಹತ್ತಿರ ಹೋದರೂ ಬೇಡ ಅಂದರು. ತಿಂಗಳು ತುಂಬುವಷ್ಟರಲ್ಲಿ ಹಟ ಮಾಡಿ ನಾಗಮಂಗಲದ ಮಗಳ ಮನೆಗೆ ಹೊರಟುಹೋದರು. "ಇವ್ಳಿಗಾರೂ ಸುಧಾರಿಸ್ಕಳಾಕೆ ಬುಡಿ" ಅಂದರಂತೆ. ವ್ಯಾನಿನಲ್ಲಿ ಮಲಗಿಸುವಾಗ ನಾನು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ನಾನು ಶ್ರೀರಂಗಪಟ್ಟಣದಲ್ಲಿ ಫಿಸಿಯೋಥೆರಪಿಗೆ ಹೋದೆ. ಅಲ್ಲಿ ನಿಜವನ್ನೇ ಹೇಳಿದೆ—ನೋಡಿ, ಗುರುತಿಲ್ಲದವರ ಮುಂದೆ ಎಷ್ಟು ಸಲೀಸಾಗಿ ಬರುತ್ತದೆ! ಆಕೆ ಸೈಕಲ್ ಬಿಡಿ ಅನ್ನಲಿಲ್ಲ. ಸೀಟು ಇಳಿಸಿ, ಹ್ಯಾಂಡಲ್ ಹತ್ತಿರ ಮಾಡಿಕೊಳ್ಳಿ, ಏರಿನಲ್ಲಿ ಗೇರು ಇಳಿಸಿ, ಅರ್ಧ ಗಂಟೆಗೊಮ್ಮೆ ಇಳಿದು ಬೆನ್ನು ಚಾಚಿ ಅಂದರು. ಹೊಟ್ಟೆಯ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಹೇಳಿಕೊಟ್ಟರು. ಬೆಳಿಗ್ಗೆ ಎದ್ದು ಚಾಪೆ ಮೇಲೆ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುತ್ತೇನೆ, ರಾತ್ರಿ ಬಿಸಿನೀರಿನ ಬ್ಯಾಗು. ನೋವು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೇನೋ. ಇದ್ದರೆ ಇರಲಿ, ಅದನ್ನೂ ಕೂರಿಸಿಕೊಂಡೇ ತುಳಿಯುತ್ತೇನೆ. "ಅವ್ವನ್ನ ಎತ್ತಿ ಹೋದ ಸೊಂಟಕ್ಕೆ ಸೈಕಲ್ಲು ಒಳ್ಳೆ ಎಕ್ಸರ್‌ಸೈಜಂತೆ" ಅಂತ ಯಜಮಾನರೇ ಚೈನಿಗೆ ಎಣ್ಣೆ ಬಿಟ್ಟರು.

ಹಬ್ಬಕ್ಕೆ ಅಂತ ನಾಗಮಂಗಲಕ್ಕೆ ಹೋಗಿ ಬರುತ್ತಿದ್ದೆವು. ಅತ್ತೆ ಮಲಗಿಯೇ ಇರುತ್ತಿದ್ದರು. "ಸೊಂಟ ಎಂಗಿದ್ದದಮ್ಮಿ?" ಅಂತ ಅವರೇ ಕೇಳುತ್ತಿದ್ದರು. "ಪರವಾಗಿಲ್ಲ ಅತ್ತೆ" ಅನ್ನುತ್ತಿದ್ದೆ. ಅಷ್ಟೇ ಮಾತು. ಹುಷಾರಿಲ್ಲದೆ ಮಲಗಿದ್ದಾರೆ, ವಯಸ್ಸಾಯಿತು ಅಂದುಕೊಂಡೆ—ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕಳೆದ ವಾರ ನಾದಿನಿ ಭಾಗ್ಯ ಫೋನ್ ಮಾಡಿದಳು. ಅಳುತ್ತಿದ್ದಳು. "ಅತ್ತಿಗೆ, ಅವ್ವನ ಬೆನ್ನೆಲ್ಲಾ ಹುಣ್ಣಾಗದೆ. ಎತ್ತಿ ಕೂರ್ಸಿ ಅಂತಾರೆ ಡಾಕ್ಟ್ರು. ಮುಟ್ಟಾಕೆ ಬುಡಾಕಿಲ್ಲ ಅವಳು. 'ಒಬ್ಳ ಸೊಂಟ ಮುರ್ದಿವ್ನಿ, ನಿಂದೂ ಮುರಿಯಾಕಿಲ್ಲ' ಅಂತ ಕಿರುಚ್ತಾಳೆ. ಉಳುಕ್ನೋರು ಬಂದ್ರೂ ಕಾಲಿಡಾಕಿಲ್ಲ. ನನ್ ಕಾಲ್ನಲ್ಲಿ ಗುಣ ಹೋಯ್ತು ಅಂತಾಳೆ."

ಫೋನ್ ಕೆಳಗಿಟ್ಟೆ. ಮಿಷನ್ನಿನ ಮೇಲೆ ಯಾರದೋ ಮದುವೆ ಬ್ಲೌಸು ಅರ್ಧ ಹೊಲಿದು ಬಿದ್ದಿತ್ತು. ಎರಡು ವರ್ಷ! ಎರಡು ವರ್ಷ ಆ ಜೀವ ನನ್ನ ಒಂದು ಮಾತಿನ ಕೆಳಗೆ ಮಲಗಿತ್ತು. ನಾನು ನಾಲೆ ಏರಿ ಮೇಲೆ ಗಾಳಿ ಕುಡಿಯುತ್ತಿದ್ದೆ.

ಮೊದಲು ಯಜಮಾನರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. "ಥೂ" ಅಂದರು. "ನಮ್ಮವ್ವನ ತಲೆಗೆ ಕಟ್ಟಿದ್ಯಲ್ಲೇ! ತಗಂಡೋಗಿ ಗುಜರಿಗೆ ಹಾಕ್ತೀನಿ ಆ ಸೈಕಲ್ಲ."

"ಥೂ ಅಂದಿದ್ದು ಸರಿ. ಇನ್ನೂ ನಾಲ್ಕು ಅನ್ನಿ, ಕೇಳ್ತೀನಿ. ಸೈಕಲ್ ಮುಟ್ಟಿ ನೋಡೋಣ" ಅಂದೆ. ಸುಳ್ಳು ಹೇಳಿದ್ದು ನಾನು, ಸೈಕಲ್ಲಲ್ಲ. ಎರಡು ವರ್ಷದ ಹಿಂದೆ ಇಷ್ಟು ಗಂಟಲು ಬಂದಿದ್ದರೆ ಆ ಸುಳ್ಳೇ ಬೇಕಿರಲಿಲ್ಲ. ಅವರು ಮುಟ್ಟಲಿಲ್ಲ, ಮಾತೂ ಬಿಟ್ಟಿದ್ದಾರೆ. ಬಿಡಲಿ.

ಮರುದಿನ ನಾಗಮಂಗಲಕ್ಕೆ ಸೈಕಲ್ಲಿನಲ್ಲೇ ಹೋದೆ. ಪ್ರಾಯಶ್ಚಿತ್ತ ಅಂತಲ್ಲ. ಬಸ್ಸಿನಲ್ಲಿ ಹೋಗಿ ಹೇಳಿದರೆ ಅದು ಮತ್ತೆ ಸೈಕಲ್ಲನ್ನು ಮರೆಮಾಡಿದ ಹಾಗಾಗುತ್ತಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ಸೊಂಟ ಮಾತಾಡತೊಡಗಿತು. ಇಳಿದು ಬೆನ್ನು ಚಾಚಿ, ಗೇರು ಇಳಿಸಿ, ಮತ್ತೆ ಹತ್ತಿದೆ.

ಭಾಗ್ಯಳ ಮನೆಯ ಒಳಕೋಣೆ ಕತ್ತಲು. ಅತ್ತೆ ಅರ್ಧವಾಗಿದ್ದರು. ಯಾರೂ ಕೇಳುವ ಮುಂಚೆ ಮಂಚದ ಪಕ್ಕ ಬೆನ್ನು ಹಾಕಿ ಕೂತೆ, ಅವತ್ತು ಕೂತ ಹಾಗೆಯೇ. "ಅತ್ತೆ, ಸೊಂಟ ಹಿಡಿದದ್ದು ನಿಮ್ಮನ್ನ ಎತ್ತಿ ಅಲ್ಲ. ಮೇಲುಕೋಟೆ ಬೆಟ್ಟಕ್ಕೆ ಸೈಕಲ್ ತುಳಿದು. ಸುಳ್ಳು ಹೇಳಿದೆ" ಅಂದೆ.

ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಣ್ಣ ದನಿ—

"ಎಲ್ಡು ವರ್ಸ ಆಯ್ತಲ್ಲಮ್ಮಿ, ನಾನು ಬಿಸ್ಲು ಕಂಡು."

ನಾನು ಮಂಚದ ಕಡೆ ತಿರುಗಿದೆ.

"ಎತ್ತು" ಅಂದರು. ಭಾಗ್ಯ ಒಂದು ಕಡೆ, ನಾನೊಂದು ಕಡೆ ಹಿಡಿದು ಎತ್ತಿದೆವು. ಮಡಿಸಿಯೇ ಇಟ್ಟು ಮಂಡಿ ಗಟ್ಟಿಯಾಗಿಹೋಗಿತ್ತು. ಕುರ್ಚಿಯಲ್ಲಿ ಕೂರಲಾರದೆ ಒಂದು ಪಕ್ಕಕ್ಕೆ ವಾಲುತ್ತಿದ್ದರು. ಹುಣ್ಣು ತಾಗದ ಹಾಗೆ ದಿಂಬು ಇಟ್ಟು, ಬೀಳದ ಹಾಗೆ ಸೆರಗಿನಿಂದ ಕುರ್ಚಿಗೆ ಕಟ್ಟಿದೆವು. ಅಂಗಳದಲ್ಲಿ ಬಿಸಿಲಿಗೆ ಕಣ್ಣು ಬಿಡಲಾಗದೆ ನೀರು ಸುರಿಸಿಕೊಂಡು ಕೂತಿದ್ದರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಸೈಕಲ್ ತಿರುಗಿಸುವಾಗ ನಾನು ಸೊಂಟ ಹಿಡಿದುಕೊಂಡದ್ದನ್ನು ನೋಡಿದರು. ಎಡಗಾಲಿನ ಬೆರಳು ಅಲುಗಿತು. ಅಷ್ಟರಲ್ಲೇ ತಡೆದುಕೊಂಡರು.

"ನನ್ನೊಬ್ಳತಾವ ಯೋಳ್ಬುಟ್ರೆ ಸಾಲ್ದು. ನನ್ನಿಂದ ಅಂತ ಊರ್ಗೆಲ್ಲಾ ಯೋಳಿದ್ಯಲ್ಲ, ಅಂಗೇ ಇದ್ನೂ ಊರ್ಗೆಲ್ಲಾ ಯೋಳು. ಆಮ್ಯಾಕೆ ಬಾ. ಕಾಲಿಡ್ತೀನೋ ಇಲ್ವೋ, ಆಗ ನೋಡನ."

ಹೇಳಿದ್ದೇನೆ, ಅತ್ತೆ. ಬೀದಿಯವರಿಗೆ ಬಾಯಿಬಿಟ್ಟು ಹೇಳಿದೆ, ಉಳಿದವರಿಗೆ ಇಲ್ಲಿ ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ ಬರುತ್ತೇನೆ, ಸೈಕಲ್ಲಿನಲ್ಲೇ. ಕಾಲು ಇಡುವುದು ಬಿಡುವುದು ನಿಮಗೆ ಬಿಟ್ಟದ್ದು. ಮೊದಲು ನಿಮ್ಮನ್ನು ಬಿಸಿಲಿಗೆ ಎತ್ತಿ ಕೂರಿಸುತ್ತೇನೆ.